ಸುಣ್ಣಪುರಕ್ಕೆ ಬ್ರೊಕೋಲಿ ಬಂದದ್ದು

ಬಹಳ ಹಿಂದೆ, ಪ್ರಾಣಿಗಳಿಗೆ ಮಾತು ಬರುತ್ತಿದ್ದ ಮತ್ತು ಮಂತ್ರಿಗಳಿಗೆ ಇನ್ನೂ ಬರದಿದ್ದ ಕಾಲದಲ್ಲಿ, ಸುಣ್ಣಪುರವೆಂಬ ಒಂದು ರಾಜ್ಯವಿತ್ತು. ಅದರ ರಾಜ ಧವಳಸೇನ. ಒಳ್ಳೆಯವನು. ಅವನಿಗಿದ್ದದ್ದು ಒಂದೇ ಅಭ್ಯಾಸ: ಯಾರು ಏನು ಹೇಳಿದರೂ "ಹೂಂ" ಅನ್ನುವುದು. ಕೇಳಿಸಿಕೊಂಡರೂ ಹೂಂ, ಕೇಳಿಸಿಕೊಳ್ಳದಿದ್ದರೂ ಹೂಂ. ರಾಜ ಹೂಂ ಅಂದದ್ದು ಆ ರಾಜ್ಯದಲ್ಲಿ ಶಾಸನ. ಆದ್ದರಿಂದ ಅಲ್ಲಿ ಶಾಸನಗಳು ಬಹಳ ಇದ್ದವು.

ರಾಜನನ್ನು ನೋಡಿ ಮಂತ್ರಿಗಳು ಹೂಂ ಅಂದರು, ಮಂತ್ರಿಗಳನ್ನು ನೋಡಿ ಊರಿನವರು. ಎಲ್ಲ ಊರಿನಲ್ಲೂ ಕತೆ ಹೇಳುವವರು ಹತ್ತು ಜನ ಇದ್ದರೆ ಹೂಂಗುಟ್ಟಲು ಒಬ್ಬ ಸಿಗುವುದು ಕಷ್ಟ. ಸುಣ್ಣಪುರದಲ್ಲಿ ಹೂಂಗುಟ್ಟಲು ಊರೆಲ್ಲ ಇತ್ತು, ಕತೆ ಹೇಳುವವರೇ ಇರಲಿಲ್ಲ.

ಒಂದು ಸಂಕ್ರಾಂತಿಯ ದಿನ ಆಸ್ಥಾನಕ್ಕೆ ಬಾಡಯ್ಯ ಎಂಬ ಮಾಂತ್ರಿಕ ಬಂದ. ಹೆಸರು ಕೇಳಿ, ಊಟಕ್ಕೆ ಸಂಬಂಧಪಟ್ಟವನಿರಬೇಕೆಂದು ಕೆಲವರು ಎಲೆ ಹಾಕಿಕೊಂಡು ಕೂತರು. ಆದರೆ ಅವನು ಬಾಡು ಬಡಿಸುವವನಲ್ಲ, ಬಾಡಿಸುವವನು. ಹೆಗಲಿಗೆ ಒಂದು ಸೋರೆಬುರುಡೆ ತೂಗುಹಾಕಿಕೊಂಡಿದ್ದ.

"ಮಹಾಪ್ರಭು, ಈ ರಾಜ್ಯದಲ್ಲಿ ಅರಳಿದ್ದೆಲ್ಲ ಇನ್ನೊಂದು ವರ್ಷ ನನ್ನದು. ಹೂಂ ತಾನೆ?" ಎಂದು ಅವನು ಕೇಳಿದ.

ರಾಜ ಆಗ ಕಂಬದ ಮೇಲೆ ಕೂತಿದ್ದ ಪಾರಿವಾಳವನ್ನು ನೋಡುತ್ತಿದ್ದ. "ಹೂಂ" ಅಂದ.

ಅಂದಿನಿಂದ ಸುಣ್ಣಪುರದಲ್ಲಿ ಯಾವ ಹೂವು ಅರಳಿದರೂ ಅದರ ಸತ್ವ ತೆಳ್ಳಗೆ ಹೊಗೆಯಂತೆ ಎದ್ದು ಬಾಡಯ್ಯನ ಬುರುಡೆ ಸೇರುತ್ತಿತ್ತು. ಅರಳಿದ ಜಾಗದಿಂದ ಬಾಡು ಕೆಳಗಿಳಿಯುತ್ತ ಗಿಡದ ಬುಡ ಮುಟ್ಟುತ್ತಿತ್ತು. ಬದನೆ, ಬೆಂಡೆ, ಅವರೆ, ಹೀರೆ ಎಲ್ಲ ಹೂವಿನಿಂದ ಕಾಯಿಯಾಗುವ ಜಾತಿ. ಅವು ಮೊದಲು ಹೋದವು. ನಿಂಬೆ, ನೆಲ್ಲಿ, ನುಗ್ಗೆ, ಕರಿಬೇವು ಒಂದು ಋತು ಹೂ ಬಿಟ್ಟು ನಿಂತಲ್ಲೇ ಒಣಗಿದವು. ಸೊಪ್ಪಿಗೆ ಹೂವು ಬೇಡ, ಆದರೆ ಸೊಪ್ಪಿನ ಬೀಜಕ್ಕೆ ಬೇಕು. ಎರಡು ವರ್ಷದಲ್ಲಿ ಬೀಜವೂ ಮುಗಿಯಿತು. ಗರಿಕೆ ಬೇರಿನಿಂದ ಹಬ್ಬುವುದರಿಂದ ದನಗಳು ಬದುಕಿಕೊಂಡವು. ಜನರಿಗೆ ಉಳಿದದ್ದು ಅರಮನೆಯ ಕಣಜದ ಹಳೆ ಅಕ್ಕಿ ಮತ್ತು ಮಜ್ಜಿಗೆ. ತಟ್ಟೆಯಲ್ಲಿದ್ದದ್ದೆಲ್ಲ ಬೆಳ್ಳಗಿತ್ತು. ಊರಿನ ಹೆಸರಿಗೆ ಈಗ ಅರ್ಥ ಬಂತೆಂದು ಆಸ್ಥಾನ ಪಂಡಿತ ವಾಗೀಶಯ್ಯ ಸಂತೋಷಪಟ್ಟ.

ಮೂರನೆಯ ವರ್ಷಕ್ಕೆ ಊರಿನವರ ವಸಡಿನಲ್ಲಿ ರಕ್ತ ಬರತೊಡಗಿತು. ಕಾಲಿಗೆ ಮುಳ್ಳು ಚುಚ್ಚಿದರೆ ಗಾಯ ತಿಂಗಳಾದರೂ ಮಾಯುತ್ತಿರಲಿಲ್ಲ. ಹಲ್ಲುನೋವಿನ ಕಾರಣದಿಂದ ದಂಡು ಯುದ್ಧಕ್ಕೆ ಹೋಗಲಿಲ್ಲ, ಇದೊಂದು ಲಾಭ. ರಾಜನ ವಸಡು ಎಷ್ಟು ಊದಿತ್ತೆಂದರೆ, ಅವನು ಬಾಯಿ ಬಿಡದೆ ಹೇಳಬಹುದಾದ ಮಾತನ್ನು ಮಾತ್ರ ಹೇಳುತ್ತಿದ್ದ. ಅದು ಹೂಂ. ಬಾಡಯ್ಯ ಪ್ರತಿ ಸಂಕ್ರಾಂತಿಗೂ ಬಂದು "ಇನ್ನೊಂದು ವರ್ಷ, ಹೂಂ ತಾನೆ?" ಎಂದು ಕೇಳುತ್ತಿದ್ದ. ಉತ್ತರದ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ.

ಅರಮನೆಯ ತರಕಾರಿ ತೋಟಕ್ಕೆ ಜವರ ಎಂಬ ಯುವಕ ಕಾವಲಿದ್ದ. ತರಕಾರಿ ಇರಲಿಲ್ಲ, ಕಾವಲು ಇತ್ತು. ಅವನಿಗೆ ತಂದೆತಾಯಿ ಇರಲಿಲ್ಲ. ಸಾಕಿದ್ದು ಅಕ್ಕ ದೇವೀರಿ. ದೇವೀರಿ ಊರಿನಲ್ಲಿ ಬೇರೆಯೇ ಒಂದು ಕಾರಣಕ್ಕೆ ಹೆಸರಾಗಿದ್ದಳು. ಮದುವೆಗೆ ಮುಂಚೆ ಅವಳನ್ನು ನೋಡಲು ಮೂರು ಗಂಡು ಬಂದಿದ್ದವು, ಮೂರಕ್ಕೂ ಅವಳು "ಊಹೂಂ" ಅಂದಿದ್ದಳು. ಸುಣ್ಣಪುರದಲ್ಲಿ ಆ ಪದ ಕೇಳಿಬಂದದ್ದು ಆ ಮೂರು ಸಲ ಮಾತ್ರ. ನಾಲ್ಕನೆಯವನು ಏನೂ ಕೇಳದೆ ನಗುತ್ತ ಕೂತಿದ್ದ; ಅವನನ್ನು ಮದುವೆಯಾದಳು.

ಶ್ರಾವಣದಲ್ಲಿ ದೇವೀರಿಗೆ ನಾಲ್ಕು ತಿಂಗಳು ತುಂಬಿತ್ತು. ಸೂಲಗಿತ್ತಿ ಬಂದು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ತುಟಿ ಬಿಡಿಸಿ ವಸಡು ನೋಡಿದಳು.

"ರಕ್ತ ಇಲ್ಲ ಕಣವ್ವ. ಹಸಿರು ಬೀಳದೆ ಹೊಟ್ಟೆ ಒಳಗಿನ ಕೂಸು ಗಟ್ಟಿಯಾಗಲ್ಲ. ಒಂಬತ್ತು ತುಂಬೋದ್ರೊಳಗೆ ತಿಂದ್ರೆ ಇಬ್ಬರು. ಇಲ್ದಿದ್ರೆ ಒಬ್ಬರು ಉಳಿದ್ರೂ ಹೆಚ್ಚು" ಅಂದಳು.

"ಹಸಿರು ಎಲ್ಲಿಂದ ತರೋದು ಅಜ್ಜಿ? ಅರಳಿದ್ದೆಲ್ಲ ಆ ಬಾಡಯ್ಯನದಲ್ವಾ?" ಅಂದ ಜವರ.

"ಅರಳದೇನೇ ತಿನ್ನೋ ಹೂವು ಒಂದಿದೆಯಂತೆ. ಪಡುವಣ ಕಡಲಿನಾಚೆ, ಸುಣ್ಣಕಲ್ಲಿನ ಬಂಡೆ ಮೇಲೆ. ನಮ್ಮಜ್ಜಿ ಹೇಳ್ತಿದ್ಲು. ನಮ್ಮಜ್ಜಿ ಸುಳ್ಳೂ ಹೇಳ್ತಿದ್ಲು."

ಜವರ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡ. ಅಕ್ಕ ಬಾಗಿಲ ತನಕ ಬಂದಳು.

"ಬುತ್ತಿ ಕಟ್ಟೋಕೆ ಅನ್ನ ಬಿಟ್ರೆ ಏನಿಲ್ಲ ಕಣೋ. ಒಂದು ಮಾತು ಕಟ್ಕೊಡ್ತೀನಿ, ಇಟ್ಕೋ. ಊಹೂಂ ಅನ್ನು ನೋಡಾಣ."

"ಹೂಂ" ಅಂದ ಜವರ.

"ಅದಲ್ಲವೋ ಕತ್ತೆ. ಮೊದಲು ಊ, ಆಮೇಲೆ ಹೂಂ. ತಲೆ ಆ ಕಡೆ ಈ ಕಡೆ ಆಡ್ಸು."

ಅವನು ಸಂಜೆಯ ತನಕ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ. ಎದುರು ಸಿಕ್ಕ ಎತ್ತುಗಳು ದಾರಿ ಬಿಟ್ಟವು.

ಮೂರು ಹಗಲು ನಡೆದ ಮೇಲೆ ಒಂದು ಕಾಡು ಬಂತು. ದಾರಿಗೆ ಅಡ್ಡವಾಗಿ ಮನೆಯಷ್ಟು ದೊಡ್ಡ ಚಿಪ್ಪುಹಂದಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಅದರ ಮೈಮೇಲೆ ಚಿಪ್ಪಿನ ಬದಲು ಒಂದರ ಮೇಲೊಂದು ಎಲೆ, ತಿಳಿಹಸಿರು, ಬಿಗಿಯಾಗಿ. ಅದರ ಸುತ್ತ ಸುಣ್ಣಪುರದ ಏಳು ಜನ ಕೂತು ಎಲೆ ಸುಲಿಯುತ್ತಿದ್ದರು.

"ಏನ್ ಮಾಡ್ತಿದೀರಣ್ಣ?" ಎಂದು ಜವರ ಕೇಳಿದ.

"ಇನ್ನೊಂದೇ ಪದರ ಕಣಪ್ಪ" ಅಂದ ಒಬ್ಬ. ಅವನ ಗಡ್ಡ ನೆಲ ಮುಟ್ಟಿತ್ತು.

ಚಿಪ್ಪುಹಂದಿ ಒಂದು ಕಣ್ಣು ತೆರೆಯಿತು. "ನನ್ನೊಳಗೆ ಒಂದು ರತ್ನ ಇದೆ. ಹೂಂ ತಾನೆ?"

ಜವರನ ನಾಲಗೆ ಹೂ ತನಕ ಹೋಗಿತ್ತು. ಅವನು ಬಾಯಿ ಮುಚ್ಚಿ, ತಲೆ ಆ ಕಡೆ ಈ ಕಡೆ ಆಡಿಸಿ, ಮೊದಲಿಂದ ಶುರು ಮಾಡಿದ. "ಊಹೂಂ."

"ಮತ್ತೇನಿದೆ?"

"ಎಲೆ ಬಿಡಿಸಿದ್ರೆ ಎಲೆ. ಅದರೊಳಗೆ ಇನ್ನೊಂದೆಲೆ. ಕೊನೆಗೆ ಒಂದು ದಂಟು."

ಚಿಪ್ಪುಹಂದಿ ನಿಟ್ಟುಸಿರು ಬಿಟ್ಟಿತು. "ಯಾರಾದ್ರೂ ಹೇಳ್ಲಿ ಅಂತ ಎರಡು ವರ್ಷದಿಂದ ಕಾಯ್ತಿದ್ದೆ. ಇವರು ಸುಲಿದು ಸುಲಿದು ಚಳಿ ಆಗ್ತಿದೆ." ಅದು ತನ್ನ ಬೆನ್ನಿನಿಂದ ಹಾಸುಗಂಬಳಿಯಷ್ಟು ದೊಡ್ಡ ಎಲೆಯೊಂದನ್ನು ಕಿತ್ತು ಅವನಿಗೆ ಕೊಟ್ಟಿತು. ಅದರ ಮೇಲೆ ಮೇಣದಂಥ ಬೂದಿಬಣ್ಣದ ಹೊಳಪಿತ್ತು; ನೀರು ಬಿದ್ದರೆ ಮುತ್ತಾಗಿ ಉರುಳಿಹೋಗುತ್ತಿತ್ತು. ಏಳು ಜನ ಕೈ ಕೊಡವಿ ಎದ್ದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಮನೆಯಲ್ಲಿ ಕೇಳಿದರೆ ಏನು ಹೇಳುವುದೆಂದು ಮಾತಾಡಿಕೊಳ್ಳುತ್ತ ಹೋದರು.

ಇನ್ನೂ ಮೂರು ಹಗಲು ನಡೆದ ಮೇಲೆ ಒಂದು ಗುಡ್ಡ ಬಂತು. ಗುಡ್ಡದ ಮೇಲೆ ಒಂದು ನವಿಲು. ಅದರ ಹೊಟ್ಟೆ ಗುಂಡಗೆ ಮಡಕೆಯ ಹಾಗೆ ಊದಿ, ಬಾಲದ ಗರಿಗಳೆಲ್ಲ ಉದ್ದ ತೊಟ್ಟಿನ ಎಲೆಗಳಾಗಿದ್ದವು. ಅದರ ಮುಂದೆ ಸುಣ್ಣಪುರದ ಐದು ಜನ ಕೂತು ಹೊಗಳುತ್ತಿದ್ದರು. ಗಂಟಲು ಕಟ್ಟಿದ್ದರಿಂದ ಸರದಿಯ ಮೇಲೆ ಹೊಗಳುತ್ತಿದ್ದರು.

"ಮೂರು ಲೋಕದಲ್ಲೂ ನನ್ನಷ್ಟು ಚೆಂದದ ಹಕ್ಕಿ ಇಲ್ಲ. ಹೂಂ ತಾನೆ?" ಅಂತು ನವಿಲು.

"ಊಹೂಂ" ಅಂದ ಜವರ. ಎರಡನೆಯ ಸಲಕ್ಕೆ ಸ್ವಲ್ಪ ಸುಲಭವಾಯಿತು. "ಬಾಲ ಚೆನ್ನಾಗಿದೆ. ಹೊಟ್ಟೆ ದಪ್ಪ ಆಯ್ತು."

ನವಿಲು ಕತ್ತು ತಿರುಗಿಸಿ ತನ್ನ ಬಾಲ ನೋಡಿಕೊಂಡಿತು. "ಬಾಲ ನಿಜವಾಗ್ಲೂ ಚೆನ್ನಾಗಿದೆಯಾ?"

"ನಿಜವಾಗ್ಲೂ."

"ಇವರು ಎಲ್ಲಾನೂ ಚೆನ್ನಾಗಿದೆ ಅಂತಾರೆ. ಅದಕ್ಕೇ ಯಾವುದು ಚೆನ್ನಾಗಿದೆ ಅಂತ ಗೊತ್ತಾಗಲ್ಲ." ಅದು ಒಂದು ಗರಿ ಉದುರಿಸಿತು. "ಹುಳ ಬಿದ್ದಾಗ ಇದನ್ನ ನೆಲಕ್ಕೆ ನೆಡು, ಬರ್ತೀನಿ."

ಮತ್ತೆ ಮೂರು ಹಗಲು ನಡೆದ ಮೇಲೆ ಒಂದು ಬಯಲು. ಬಿಸಿಲಿಗೆ ಕಲ್ಲು ಸಿಡಿಯುತ್ತಿತ್ತು. ನಡುವೆ ಹಸಿರೆಲೆಗಳ ಗೂಡು. ಒಳಗೆ ಬೆಳ್ಳನೆಯ ಕುರಿ. ಅದರ ಉಣ್ಣೆ ಗಂಟುಗಂಟಾಗಿ ಮೊಸರು ಕಟ್ಟಿದ ಹಾಗಿತ್ತು. ಸುಣ್ಣಪುರದ ಮೂವರು ಅದಕ್ಕೆ ಒರಗಿ ನಿದ್ದೆ ಮಾಡುತ್ತಿದ್ದರು. ಜವರನಿಗೆ ಪಾದ ಒಡೆದಿತ್ತು, ವಸಡಿನಲ್ಲಿ ರಕ್ತ ಬರುತ್ತಿತ್ತು, ಅನ್ನ ಹಳಸಿತ್ತು.

"ಪಾಪ, ಎಷ್ಟು ದಣಿದಿದ್ದೀಯ. ಬಿಸಿಲು ತಾಕಿದ್ರೆ ನಾನೇ ಹಳದಿಯಾಗಿಬಿಡ್ತೀನಿ. ಬಾ, ಎಲೆ ಕೆಳಗೆ ಮಲಕ್ಕೋ. ಹೂಂ ತಾನೆ?" ಅಂತು ಕುರಿ.

ಇದು ಮೂರರಲ್ಲಿ ಕಷ್ಟದ್ದು. ರತ್ನ ಬೇಡ ಅನ್ನಬಹುದು, ಹೊಗಳಿಕೆ ತಡೆಯಬಹುದು. ಬಿಸಿಲಿನಲ್ಲಿ ನೆರಳು ಬೇಡ ಅನ್ನುವುದು ಹೇಗೆ? ಜವರ ಒಂದು ಹೆಜ್ಜೆ ಒಳಗಿಟ್ಟ. ಆಮೇಲೆ ಬೆರಳು ಮಡಿಸಿ ನೋಡಿದ. ಅಕ್ಕನಿಗೆ ಐದರಲ್ಲಿ ನಡೆಯುತ್ತಿತ್ತು.

"ಊಹೂಂ" ಅಂದ. "ಮನೇಲಿ ಬಸುರಿ ಇದ್ದಾಳೆ."

ಕುರಿಗೆ ಬೇಜಾರಾಗಲಿಲ್ಲ. ಹೋಗುವಾಗ ಒಂದು ಚೀಲ ಹಿಕ್ಕೆ ಕೊಟ್ಟಿತು. ಮಾಯಾಪ್ರಾಣಿಗಳು ಸಾಮಾನ್ಯವಾಗಿ ಖಡ್ಗ ಕೊಡುತ್ತವೆ, ಉಂಗುರ ಕೊಡುತ್ತವೆ. ಇದು ಗೊಬ್ಬರ ಕೊಟ್ಟಿತು. ಜವರ ತೋಟದವನಾದ್ದರಿಂದ ಎರಡು ಕೈಯಲ್ಲಿ ಈಸಿಕೊಂಡ. ಮಲಗಿದ್ದ ಮೂವರನ್ನೂ ಎಬ್ಬಿಸಿ ಊರ ಕಡೆ ಕಳಿಸಿದ.

ಎಲೆಕೋಸು, ನವಿಲುಕೋಸು, ಹೂಕೋಸು ಇವನ್ನೇ ಹಿಡಿದು ತಂದಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಸರಿಯೇ. ಆದರೆ ಆಗ ಅವು ಪ್ರಾಣಿಗಳಾಗಿದ್ದವು. ಬೀಜ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಕಡಲು ಬಂತು. ಜವರ ಎಲೆಯನ್ನು ನೀರಿನ ಮೇಲೆ ಹಾಸಿ ಕೂತ. ಮೇಣದೆಲೆಗೆ ನೀರು ಅಂಟಲಿಲ್ಲ. ಪಡುವಣಕ್ಕೆ ಬೀಸುತ್ತಿದ್ದ ಗಾಳಿ ಅದನ್ನು ಆಚೆ ದಡಕ್ಕೆ ಮುಟ್ಟಿಸಿತು. ಅಲ್ಲಿ ಸುಣ್ಣಕಲ್ಲಿನ ಕಡಿದಾದ ಬಂಡೆ. ಬಂಡೆಯ ಸೀಳಿನಲ್ಲಿ, ಉಪ್ಪುಗಾಳಿಗೆ ಮೈಯೊಡ್ಡಿ, ಒರಟು ಎಲೆಯ ಒಂದು ಮುದಿ ಗಿಡ ಕೂತಿತ್ತು. ಹೆಸರು ಕಾಡುಕೋಸಜ್ಜಿ.

"ದಾರೀಲಿ ನನ್ನ ಮಕ್ಕಳನ್ನ ನೋಡಿದ್ಯಾ?" ಅಂದಳು ಅಜ್ಜಿ. "ಎಲ್ಲ ನನ್ನ ಹೊಟ್ಟೇಲಿ ಹುಟ್ಟಿದವೇ. ನಾನು ಹೀಗೇ ಇದ್ದೆ, ಒಣಕಲು ದಂಟು, ಒರಟು ಎಲೆ. ಮನುಷ್ಯರು ಬಂದರು. ಎಲೆ ಇಷ್ಟಪಟ್ಟವರು ಎಲೆ ಚೆನ್ನಾಗಿದ್ದ ಗಿಡದ ಬೀಜಾನೇ ಆರಿಸಿ ಬಿತ್ತಿದ್ರು. ಅಪ್ಪ ಬಿತ್ತಿದ, ಮಗ ಬಿತ್ತಿದ, ಮೊಮ್ಮಗ ಬಿತ್ತಿದ. ಹಾಗೆ ಬಿತ್ತುತ್ತಾ ಬಿತ್ತುತ್ತಾ ದೊಡ್ಡವನು ಎಲೆಕೋಸಾದ. ದಂಟು ಇಷ್ಟಪಟ್ಟವರ ಕೈಲಿ ನಡುವಿನವನು ನವಿಲುಕೋಸಾದ. ಮೊಗ್ಗು ಇಷ್ಟಪಟ್ಟವರ ಕೈಲಿ ಇಬ್ಬರು ಹೆಣ್ಣುಮಕ್ಕಳಾದ್ರು. ಒಬ್ಬಳು ಬಿಸಿಲಿಗೆ ಹೆದರಿ ಎಲೆ ಹೊದ್ದು ಬಿಳಿಚಿಕೊಂಡ್ಲು. ಇನ್ನೊಬ್ಬಳು ಹೆದರಲಿಲ್ಲ, ಹಸಿರಾದಳು. ಅವಳ ಹೆಸರು ಬ್ರೊಕೋಲಿ."

"ಹಾಗಂದ್ರೆ?"

"ಈ ಸೀಮೆ ಮಾತಲ್ಲಿ ಚಿಗುರು ಅಂತ."

"ಅಕ್ಕನಿಗೆ ಆಗುತ್ತಾ ಅಜ್ಜಿ?"

"ವಸಡಿಗೆ ನಿಂಬೆ ಮಾಡೋ ಕೆಲಸ ಮಾಡ್ತಾಳೆ, ಹೊಟ್ಟೆಗೆ ನಾರು ಮಾಡೋ ಕೆಲಸ ಮಾಡ್ತಾಳೆ. ಗಾಯದ ರಕ್ತ ಕಟ್ಟಿಸ್ತಾಳೆ. ಹೊಸ ರಕ್ತಕ್ಕೂ ಹೊಟ್ಟೆ ಕೂಸಿಗೂ ಬೇಕಾದ ಸತ್ವ ಇದೆ. ಸತ್ತವರನ್ನ ಬದುಕ್ಸಲ್ಲ, ಹಾಗಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಚಳಿಗಾಲದಲ್ಲಿ ಬೆಳಿ, ಸೆಖೆ ಅವಳಿಗಾಗಲ್ಲ. ಹೆಚ್ಚಿ ಸ್ವಲ್ಪ ಹೊತ್ತು ಹಾಗೇ ಬಿಡು, ಆಮೇಲೆ ಒಂದು ಪದ ಹಾಡುವಷ್ಟು ಹೊತ್ತು ಹಬೇಲಿ ಇಡು. ಕುದಿಸಿ ನೀರು ಚೆಲ್ಲಿದ್ರೆ ಸತ್ವ ಚರಂಡಿಗೆ, ಸಿಪ್ಪೆ ನಿನಗೆ. ಕಡೇ ಮಾತು. ಅವಳನ್ನ ಅರಳೋಕೆ ಬಿಡ್ತೀಯಾ?"

"ಊಹೂಂ" ಅಂದ ಜವರ.

ಅಜ್ಜಿ ಒಣಗಿದ ಕಾಯೊಂದನ್ನು ಬಿರಿದಳು. ಸಾಸಿವೆಯಂಥ ಬೀಜಗಳು ಅವನ ಅಂಗೈಗೆ ಬಿದ್ದವು. ಹೋಗುವಾಗಿನ ಗಾಳಿಯೇ ತಿರುಗಿ ಅವನನ್ನು ಈಚೆ ದಡಕ್ಕೆ ತಂದು ಬಿಟ್ಟಿತು.

ಭಾದ್ರಪದ ಮುಗಿಯುವಾಗ ಜವರ ಊರು ಸೇರಿದ. ಎತ್ತರದ ಮಡಿ ಮಾಡಿ, ಗೆರೆ ಎಳೆದು, ಬೀಜ ಬಿಟ್ಟು, ತೆಳ್ಳಗೆ ಮಣ್ಣು ಮುಚ್ಚಿ, ಮೇಲೆ ಹುಲ್ಲು ಹೊದಿಸಿ, ದಿನಕ್ಕೆರಡು ಸಲ ನೀರು ಚಿಮುಕಿಸಿದ. ನಾಲ್ಕನೆಯ ದಿನ ಮೊಳೆತವು. ಹುಲ್ಲು ತೆಗೆದ. ಇಪ್ಪತ್ತೆಂಟನೆಯ ದಿನ ನಾಲ್ಕೆಲೆ, ಐದೆಲೆ ಆದ ನೂರು ಸಸಿಗಳನ್ನು ಆರಿಸಿ, ಕುರಿಯ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಮೊಳಕ್ಕೊಂದರಂತೆ ನಾಟಿ ಮಾಡಿದ. ಅಕ್ಕನಿಗೆ ಆಗ ಆರು ತುಂಬಿತ್ತು.

ಮಾಂತ್ರಿಕ ಸುಮ್ಮನಿರಲಿಲ್ಲ. ಕಾರ್ತಿಕದಲ್ಲಿ ಒಂದು ಹಿಂಡು ಬಿಳಿ ಚಿಟ್ಟೆಗಳನ್ನು ಕಳಿಸಿದ. ನೋಡಲು ಚೆಂದ, ಊರಿನವರು ಮಕ್ಕಳನ್ನು ಕರೆತಂದು ತೋರಿಸಿದರು. ಚಿಟ್ಟೆಗಳು ಎಲೆಯ ಕೆಳಗೆ ಮೊಟ್ಟೆಯಿಟ್ಟು ಹೋದವು. ವಾರಕ್ಕೆ ಹಸಿರು ಹುಳಗಳೆದ್ದು ಎಲೆಗಳನ್ನು ಜಾಲರಿ ಮಾಡತೊಡಗಿದವು. ಜವರ ಗರಿ ನೆಟ್ಟ. ನವಿಲು ಬಂದು ಸಾಲು ಹಿಡಿದು ಹುಳ ಹೆಕ್ಕಿತು. ಕೂಲಿಯಾಗಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಾಲ ಚೆನ್ನಾಗಿದೆ ಅನ್ನಬೇಕಿತ್ತು.

ಮಾರ್ಗಶಿರ ಮುಗಿಯುತ್ತ ಬಂದಾಗ ಪ್ರತಿ ಗಿಡದ ನೆತ್ತಿಯಲ್ಲೂ ಒಂದೊಂದು ಹಸಿರು ತಲೆ ಕಟ್ಟಿತು. ಅಂಗೈಯಗಲ, ಗಟ್ಟಿ, ಮೇಲೆ ಸಾವಿರ ಮೊಗ್ಗು, ಒಂದೊಂದೂ ಗುಂಡುಸೂಜಿಯ ತಲೆಯಷ್ಟು. ಜವರ ಆಸ್ಥಾನಕ್ಕೆ ಹೋಗಿ, ನಾಳೆ ಕೊಯ್ಯುವುದಾಗಿ ಅರಿಕೆ ಮಾಡಿಕೊಂಡ. ಅರಮನೆಯ ತೋಟದ ಬೆಳೆಯನ್ನು ಹೇಳದೆ ಕೊಯ್ಯುವಂತಿರಲಿಲ್ಲ.

"ಅದರ ಹೆಸರೇನು?" ಎಂದು ಪಂಡಿತ ವಾಗೀಶಯ್ಯ ಕೇಳಿದ.

"ಬ್ರೊಕೋಲಿ, ಬುದ್ಧಿ."

"ಅದು ನಮ್ಮ ನಾಲಗೆಯ ಪದವಲ್ಲ. ನಾನು ಆಗಲೇ ನಿಘಂಟಿಗೆ ಸೇರಿಸಿದ್ದೇನೆ: ಹಸಿರು ಹೂಕೋಸು."

"ಆಗಬಹುದು ಬುದ್ಧಿ. ನಾಳೆ ಕೊಯ್ತೀನಿ."

"ಅರಳಿದೆಯೋ?"

"ಅರಳೋಕೆ ಬಿಡಬಾರದು ಬುದ್ಧಿ, ಮೊಗ್ಗಲ್ಲೇ—"

"ಹೆಸರಿನಲ್ಲಿ ಹೂ ಇದೆ" ಅಂದ ಪಂಡಿತ. "ಅರಳದೆ ಹೂ ಆಗುವುದಿಲ್ಲ. ಹೂ ಆಗದೆ ಹೂಕೋಸು ಆಗುವುದಿಲ್ಲ. ನಿಘಂಟು ಸುಳ್ಳಾಗುತ್ತದೆ. ಅಲ್ಲದೆ ಮೊಗ್ಗು ಚಿವುಟುವುದು ಮಹಾಪಾಪ. ನಾಲ್ಕು ದಿನ ಬಿಟ್ಟು ಕೊಯ್ಯತಕ್ಕದ್ದು. ಹೂಂ ತಾನೆ, ಜವರ?"

ಬೆಳೆಯ ಸುದ್ದಿ ಕೇಳಿ ಬಂದು ಮೂಲೆಯಲ್ಲಿ ಕೂತಿದ್ದ ಬಾಡಯ್ಯ ಬುರುಡೆಯನ್ನು ಒರೆಸಿಕೊಳ್ಳುತ್ತಿದ್ದ.

ಜವರ ಚಿಪ್ಪುಹಂದಿಗೆ ಊಹೂಂ ಅಂದಿದ್ದವನು. ನವಿಲಿಗೆ ಅಂದಿದ್ದವನು, ಕುರಿಗೆ ಅಂದಿದ್ದವನು, ಕಡಲಾಚೆಯ ಅಜ್ಜಿಗೆ ಮಾತು ಕೊಟ್ಟು ಬಂದಿದ್ದವನು. ಆದರೆ ಅವು ಕಾಡು, ಗುಡ್ಡ, ಬಯಲು. ಇಲ್ಲಿ ಕಂಬಗಳಿದ್ದವು, ನೂರು ರುಮಾಲಿನವರು ತಿರುಗಿ ನೋಡುತ್ತಿದ್ದರು, ಒಬ್ಬ ಮುಖ್ಯನಾದವನು ಕೆಮ್ಮಿದ.

"ಹೂಂ, ಬುದ್ಧಿ" ಅಂದ ಜವರ.

ನಾಲ್ಕು ದಿನ ಅವನು ತೋಟಕ್ಕೆ ತಾನೇ ಕಾವಲು ನಿಂತ. ಮೊಗ್ಗುಗಳು ಸಡಿಲವಾಗುವುದನ್ನು ನೋಡಿದ. ಅಕ್ಕನಿಗೆ ಹೇಳಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅವಳೇ ಬಂದಳು. ಒಂದು ಕೈಯಲ್ಲಿ ಮಜ್ಜಿಗೆ, ಇನ್ನೊಂದು ಕೈ ಸೊಂಟದ ಮೇಲೆ.

"ಇದ್ಯಾಕೋ ಇಲ್ಲೆಲ್ಲ ಹಳದಿ ಇಣುಕ್ತಿದೆ?"

ಅವನು ಹೇಳಿದ.

ದೇವೀರಿ ಮಜ್ಜಿಗೆಯ ಚೊಂಬನ್ನು ಕೆಳಗಿಟ್ಟಳು. "ಕಾಡುಪ್ರಾಣಿ ಮುಂದೆ ಊಹೂಂ, ರುಮಾಲು ಮುಂದೆ ಹೂಂ. ಚೆನ್ನಾಗಿದೆ ಕಣೋ."

ಅವಳ ಮಾತು ಮುಗಿಯುವಷ್ಟರಲ್ಲಿ ಮೊದಲ ತಲೆ ಪೂರ್ತಿ ಅರಳಿತು. ನಾಲ್ಕೆಸಳಿನ ಹಳದಿ ಹೂಗಳು. ಆಮೇಲೆ ಎರಡನೆಯದು, ಆಮೇಲೆ ಸಾಲಿಗೆ ಸಾಲು. ನೂರು ತಲೆಗಳಿಂದ ತೆಳ್ಳಗೆ ಹೊಗೆಯೆದ್ದು ಅರಮನೆಯ ಕಡೆ ಹೊರಟಿತು. ಹೂವಿನಿಂದ ಬಾಡು ಇಳಿಯತೊಡಗಿತು. ತಲೆ ಕಪ್ಪಾಯಿತು, ತೊಟ್ಟು ಕಪ್ಪಾಯಿತು, ದಂಟಿನ ಮೇಲೆ ಒಂದು ಬೆರಳು, ಎರಡು ಬೆರಳು.

"ಕೊಯ್ಯಿ" ಅಂದಳು ದೇವೀರಿ.

"ತಲೆ ಹೋಯ್ತಲ್ಲಕ್ಕ."

"ತಲೆ ಹೋಗ್ಲಿ, ಬುಡ ಉಳಿಸು. ಬಾಡು ಇಳಿಯೋಕೆ ಮುಂಚೆ ಕೆಳಗೆ ಕತ್ತರಿಸು."

ಅವನು ಕುಡುಗೋಲು ಹಿಡಿದು ಓಡಿದ. ಬಾಡು ಗಿಡದಲ್ಲಿ ಇಳಿಯುವ ವೇಗಕ್ಕೂ ಜವರ ಸಾಲಿನಲ್ಲಿ ಓಡುವ ವೇಗಕ್ಕೂ ಸ್ಪರ್ಧೆ. ದೇವೀರಿ ಬಗ್ಗಲಾರದೆ, ಯಾವ ಗಿಡದಲ್ಲಿ ಇನ್ನೂ ಹಸಿರು ಉಳಿದಿದೆಯೆಂದು ನಿಂತಲ್ಲಿಂದ ಕೂಗಿದಳು: "ಎಡಕ್ಕೆ, ಅದರಾಚೆ, ಅದಲ್ಲ, ಅದು ಹೋಯ್ತು." ಮುಗಿದಾಗ ತೋಟದಲ್ಲಿ ಎಂಬತ್ತೇಳು ಕಪ್ಪು ಕಡ್ಡಿಗಳೂ ಬುಡದ ಎಲೆಗಳಷ್ಟೇ ಉಳಿದ ಹದಿಮೂರು ಮೋಟುಗಳೂ ಇದ್ದವು. ಅವಳಿಗೆ ಎಂಟು ತುಂಬುತ್ತಿತ್ತು. ಹೊಸದಾಗಿ ಬಿತ್ತಿದರೆ ಮೂರು ತಿಂಗಳು ಬೇಕು. ಬಿತ್ತಲು ಬೀಜವೂ ಇರಲಿಲ್ಲ.

ಜವರ ಹದಿಮೂರು ಮೋಟುಗಳಿಗೆ ನೀರು ಹಾಕಿದ, ಉಳಿದ ಗೊಬ್ಬರ ಹಾಕಿದ. ಬೇರೇನು ಮಾಡುವುದೆಂದು ಗೊತ್ತಿರಲಿಲ್ಲ. ಒಂಬತ್ತನೆಯ ದಿನ ಎಲೆಯ ಕಂಕುಳಲ್ಲಿ ಏನೋ ಹಸಿರು ಕಂಡಿತು. ಬಗ್ಗಿ ನೋಡಿದ. ದಂಟಿಗೆ ಎಲೆ ಕೂಡುವ ಕಡೆಯೆಲ್ಲ ಸಣ್ಣ ಸಣ್ಣ ಕವಲು, ಕವಲಿನ ತುದಿಗೆ ಹುಣಿಸೆಬೀಜದಷ್ಟು ಮೊಗ್ಗಿನ ಗೊಂಚಲು. ತಲೆ ಕತ್ತರಿಸಿದರೆ ಪಕ್ಕದಿಂದ ಚಿಗುರುವ ಗಿಡ ಅದು. ಅಜ್ಜಿ ಹೆಸರಿನಲ್ಲೇ ಹೇಳಿದ್ದಳು. ಪಂಡಿತ ಹೆಸರನ್ನೇ ಬದಲಾಯಿಸಿದ್ದ.

ಮತ್ತೆ ಒಂದು ವಾರಕ್ಕೆ ಗೊಂಚಲುಗಳು ನಿಂಬೆಹಣ್ಣಿನಷ್ಟಾದವು. ಈ ಸಲ ಜವರ ಯಾರನ್ನೂ ಕೇಳಲಿಲ್ಲ. ಮೊಗ್ಗಿನಲ್ಲೇ ಕೊಯ್ದು ಮಡಿಲು ತುಂಬ ತಂದು ಅಕ್ಕನ ಮುಂದೆ ಸುರಿದ. ಅವಳು ಹೆಚ್ಚಿದಳು, ಸ್ವಲ್ಪ ಹೊತ್ತು ಬಿಟ್ಟಳು, ಹಬೆಗೆ ಇಟ್ಟು ಒಂದು ಬೀಸುವ ಪದ ಹಾಡಿದಳು, ಇಳಿಸಿ ಉಪ್ಪು ಉದುರಿಸಿದಳು. ಅರ್ಧ ತಿಂದು ತಟ್ಟೆ ಸರಿಸಿದಳು.

"ಉಳಿದದ್ದನ್ನೂ ತಿನ್ನಕ್ಕ."

"ಊಹೂಂ. ದಿನಾ ಅರ್ಧ ನನಗೆ, ಅರ್ಧ ರಾಜನಿಗೆ."

"ರಾಜನಿಗ್ಯಾಕೆ? ಅವನು ಹೂಂ ಅಂದಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

"ಅದಕ್ಕೇ. ನನ್ನ ಕೂಸು ಇದನ್ನ ತಿಂದು ಹುಟ್ಟುತ್ತೆ ಸರಿ. ಹುಟ್ಟಿ ಏನು ತಿನ್ನುತ್ತೆ? ಹಳೆ ಅಕ್ಕೀನಾ? ಸಂಕ್ರಾಂತಿಗೆ ಹದಿನೈದು ದಿನ ಇದೆ. ಅಷ್ಟರಲ್ಲಿ ಆ ಮನುಷ್ಯನ ಬಾಯಿ ಬಿಡ್ಸು."

ಜವರ ಅರಮನೆಯ ಅಡಿಗೆಮನೆಗೆ ಹೋದ. ಅಡಿಗೆಯ ಮುಖ್ಯಸ್ಥ ಅದನ್ನು ಒಂದು ಜಾವ ಕುದಿಸಬೇಕು ಅಂದ. ಅರಮನೆಯಲ್ಲಿ ಯಾವುದನ್ನೂ ಬಿಳಿಯಾಗುವ ತನಕ ಕುದಿಸದೆ ಬಡಿಸುವ ಪದ್ಧತಿಯಿಲ್ಲ. "ಊಹೂಂ" ಅಂದ ಜವರ. ಅರಮನೆಯೊಳಗೆ ಆ ಪದ ಕೇಳಿದ್ದು ಅದೇ ಮೊದಲು. ಒಂದು ಸೌಟು ಕೆಳಗೆ ಬಿತ್ತು. ಬೇರೇನೂ ಆಗಲಿಲ್ಲ. ತನಗೇ ಆಶ್ಚರ್ಯವಾಗಿ ಜವರ ಸುತ್ತ ನೋಡಿದ.

ಹದಿಮೂರು ಗಿಡಗಳು ಕೊಯ್ದಂತೆಲ್ಲ ಮತ್ತೆ ಚಿಗುರಿದವು. ದೇವೀರಿಗೆ ಒಂದು ಬಟ್ಟಲು, ರಾಜನಿಗೆ ಒಂದು ಬಟ್ಟಲು. ನಾಲ್ಕನೆಯ ದಿನ ರಾಜನ ವಸಡಿನ ರಕ್ತ ನಿಂತಿತು. ಎಂಟನೆಯ ದಿನ ಊತ ಇಳಿಯಿತು. ಹತ್ತನೆಯ ದಿನ ರಾಜ ವಸಡು ಊದಿದ ಮೇಲೆ ಮೊದಲ ಬಾರಿಗೆ ಬೇರೊಂದು ಮಾತು ಆಡಿದ. "ಉಪ್ಪು ಕಡಿಮೆ" ಅಂದ.

ಜವರ ನೆಲದ ಮೇಲೆ ಕೂತು ಅವನಿಗೆ ಅಕ್ಕನ ಪದ ಕಲಿಸಿದ.

"ಇದನ್ನು ಅಂದರೆ ಎದುರಿಗಿದ್ದವರು ಬೇಜಾರು ಮಾಡಿಕೊಳ್ಳುತ್ತಾರಲ್ಲ?" ಅಂದ ರಾಜ.

"ಮಾಡ್ಕೋತಾರೆ ಬುದ್ಧಿ."

"ಆಮೇಲೆ?"

"ಆಮೇಲೆ ಊಟ ಮಾಡ್ತಾರೆ, ಮಲಗ್ತಾರೆ."

ರಾಜ ತಲೆಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿದ. ಇದು ಇಷ್ಟು ಸುಲಭವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಆಸ್ಥಾನ ತುಂಬಿತು. ಬಾಡಯ್ಯ ಬುರುಡೆ ಹೊತ್ತು ಬಂದ. ಮೂರು ವರ್ಷದ ಹೂವಿನ ಸತ್ವದಿಂದ ಅದು ಕುಂಬಳದಷ್ಟಾಗಿತ್ತು.

"ಇನ್ನೊಂದು ವರ್ಷ. ಹೂಂ ತಾನೆ?"

ಆಸ್ಥಾನದವರೆಲ್ಲ ಹೂಂಗುಟ್ಟಲು ಬಾಯಿ ಸಿದ್ಧ ಮಾಡಿಕೊಂಡು ರಾಜನ ಕಡೆ ನೋಡಿದರು. ರಾಜ ಗೋಡೆಯ ಬದಿಯಲ್ಲಿ ನಿಂತಿದ್ದ ಜವರನನ್ನು ನೋಡಿದ. "ಊ..." ಅಂದು ನಿಲ್ಲಿಸಿದ.

"ಕೆಮ್ಮು" ಅಂದ ಪಂಡಿತ.

"ಇನ್ನೊಂದು ವರ್ಷ. ಹೂಂ ತಾನೆ?" ಬಾಡಯ್ಯ ಎರಡನೆಯ ಸಲ ಕೇಳಿದ.

"ಊ... ಹೂ..." ಅಂದ ರಾಜ. ಬಾಡಯ್ಯನ ಮುಖ ಅರಳಿತು. ಅವನಿಗೆ ಕೊನೆಯ ಅಕ್ಷರ ಮಾತ್ರ ಕೇಳಿಸಿತ್ತು.

"ಸ್ಪಷ್ಟವಾಗಿ ಹೇಳಿ ಮಹಾಪ್ರಭು. ಇನ್ನೊಂದು ವರ್ಷ, ಹೂಂ ತಾನೆ?"

ಧವಳಸೇನ ತಲೆಯನ್ನು ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಆಡಿಸಿದ. "ಊಹೂಂ" ಅಂದ.

ಬಾಡಯ್ಯ ಪಂಡಿತನ ಕಡೆ ತಿರುಗಿದ. "ಇಂಥ ಪದ ಇದೆಯೇ?"

ವಾಗೀಶಯ್ಯ ನಿಘಂಟು ತೆರೆದು ಬೆರಳಿಟ್ಟು ಹುಡುಕಿದ. ಅವನು ದಡ್ಡನಿರಬಹುದು, ಸುಳ್ಳನಲ್ಲ. "ಇದೆ" ಅಂದ. "ಬಳಕೆಯಲ್ಲಿರಲಿಲ್ಲ."

ಬುರುಡೆ ಬಿರಿಯಿತು. ಮೂರು ವರ್ಷದ ಹೂವಿನ ಸತ್ವ ಹೊರಬಿದ್ದು ಕಿಟಕಿ ಬಾಗಿಲುಗಳಿಂದ ಊರಿನ ಮೇಲೆ ಹರಡಿತು. ಮೊದಲು ಮಾವು, ಆಮೇಲೆ ನುಗ್ಗೆ, ಆಮೇಲೆ ಅವರೆ. ಒಣಗಿ ನಿಂತದ್ದೆಲ್ಲ ಸರದಿಯಲ್ಲಿ ಚಿಗುರಿ ಹೂ ಬಿಟ್ಟಿತು. ಆಗಷ್ಟೇ ಅರಳಿದ್ದ ಬಾಡಯ್ಯನ ಮುಖ ಅವನದೇ ಶಾಸನದ ಪ್ರಕಾರ ಬಾಡತೊಡಗಿತು. ಬಾಡು ತಲೆಯಿಂದ ಕಾಲಿಗಿಳಿಯಿತು. ಕೊನೆಗೆ ಉಳಿದದ್ದು ಒಣಗಿದ ಬದನೆಯಷ್ಟು. ಅದನ್ನು ಗುಡಿಸಿ ತಿಪ್ಪೆಗೆ ಹಾಕಿದರು. ಗೊಬ್ಬರವಾಗಿ ಕೆಲಸಕ್ಕೆ ಬಂತು.

ಮಾರನೆಯ ದಿನ ರಾಜ ಊರಿಗೆಲ್ಲ ಬಾಡೂಟ ಹಾಕಿಸಿದ. ಮೂರು ವರ್ಷದ ಹಿಂದೆ ಹೆಸರು ಕೇಳಿ ಎಲೆ ಹಾಕಿಕೊಂಡು ಕೂತು ಮೋಸಹೋಗಿದ್ದವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಲಾಯಿತು. ಪದ್ಧತಿಯಂತೆ ಅರ್ಧ ರಾಜ್ಯವನ್ನೂ ಮಗಳನ್ನೂ ಕೊಡುವುದಾಗಿ ರಾಜ ಜವರನಿಗೆ ಹೇಳಿದ. ಜವರ ಬಾಯಿ ತೆರೆಯುವ ಮುನ್ನ ರಾಜಕುಮಾರಿಯೇ ಊಹೂಂ ಅಂದಳು. ಪದ ಬೇಗ ಹಬ್ಬುತ್ತಿತ್ತು. ಜವರ ನೀರಿನ ಅನುಕೂಲವಿರುವ ನಾಲ್ಕು ಮಡಿ ಕೇಳಿ ಪಡೆದ. ಹದಿಮೂರು ಗಿಡಗಳಲ್ಲಿ ಎರಡನ್ನು ಮಾತ್ರ ಬೀಜಕ್ಕೆಂದು ಅರಳಲು ಬಿಟ್ಟ. ಪಂಡಿತ ವಾಗೀಶಯ್ಯ ನಿಘಂಟಿನಲ್ಲಿ ಹಸಿರು ಹೂಕೋಸನ್ನು ಹೊಡೆದು ಹಾಕಿ, ಬ್ರೊಕೋಲಿ ಎಂದು ಬರೆದು, ಅರ್ಥದ ಜಾಗದಲ್ಲಿ "ಚಿಗುರು, ಅರಳುವ ಮುನ್ನ ಕೊಯ್ಯತಕ್ಕದ್ದು" ಎಂದು ಸೇರಿಸಿದ.

ಮಾಘದ ಮೊದಲ ವಾರ ದೇವೀರಿಗೆ ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ತಾಯಿಯ ರೆಪ್ಪೆ ಎಳೆದು ನೋಡಿದಳು, ಮಗುವಿನ ಬೆನ್ನು ಸವರಿ ನೋಡಿದಳು. "ಇಬ್ಬರು" ಅಂದಳು. ನಮ್ಮಜ್ಜಿ ಸುಳ್ಳು ಹೇಳುತ್ತಿರಲಿಲ್ಲ ಎಂದೂ ಸೇರಿಸಿದಳು.

ಸುಣ್ಣಪುರದವರು ಅಂದಿನಿಂದ ಕೆಲವಕ್ಕೆ ಹೂಂ, ಕೆಲವಕ್ಕೆ ಊಹೂಂ ಅನ್ನುತ್ತ ಸುಖವಾಗಿ ಬಾಳಿದರು. ಶಾಸನಗಳು ಕಡಿಮೆಯಾದವು.

ಮುಂದಿನ ಚಳಿಗಾಲಕ್ಕೆ ಮಗುವಿಗೆ ಹನ್ನೊಂದು ತಿಂಗಳು. ಎರಡು ಹಲ್ಲು ಬಂದಿತ್ತು, ಮಾತು ಇನ್ನೂ ಬಂದಿರಲಿಲ್ಲ. ಜವರ ಹೊಸ ಬೆಳೆಯ ಮೊದಲ ತಲೆ ಕೊಯ್ದು ತಂದ. ದೇವೀರಿ ಹಬೆಗಿಟ್ಟು, ಕಿವುಚಿ, ಬೆರಳಲ್ಲಿ ತೆಗೆದು ಮಗುವಿನ ತುಟಿಗೆ ಹಿಡಿದಳು. ಮಗು ಹಸಿರನ್ನು ನೋಡಿತು. ಬಾಯಿ ಮುಚ್ಚಿಕೊಂಡಿತು. ತಲೆಯನ್ನು ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಆಡಿಸಿತು.

"ಊಹೂಂ" ಅಂತು.

ಜವರ ಅಕ್ಕನ ಮುಖ ನೋಡಿದ. ದೇವೀರಿ ಹೆಮ್ಮೆಯಿಂದ ಮಗುವಿನ ಕೆನ್ನೆ ಸವರಿದಳು.

"ಹಾಗನ್ನಬೇಕು ನನ್ನ ಚಿನ್ನ" ಅಂದಳು. "ಈಗ ಬಾಯಿ ತೆಗಿ."